ಹಳೇ ಪದ್ಧತಿಯ ರವಾನೆ

ಟಪಾಲು ಸಾಹೇಬರ ಕೈಯಿಂದ ಮೂವತ್ತೊಂದು ವರ್ಷಗಳಲ್ಲಿ ಒಂದೇ ಒಂದು ಕಾಗದವೂ ತಪ್ಪಿಲ್ಲ. ಇದಕ್ಕೆ ಸಾಕ್ಷಿ ಯಾರೆಂದರೆ ಟಪಾಲು ಸಾಹೇಬರೇ. ಕೇಳಿದರೂ ಕೇಳದಿದ್ದರೂ ದಿನಕ್ಕೆರಡು ಸಲ ಅವರು ಈ ಮಾತು ಹೇಳುತ್ತಿದ್ದುದರಿಂದ ಅವರ ಮನೆಯಿದ್ದ ನಾಲ್ಕು ಮಹಡಿಯ ಕಟ್ಟಡದಲ್ಲಿ ಇದನ್ನು ನಂಬದವರು ಯಾರೂ ಉಳಿದಿರಲಿಲ್ಲ. ನಂಬದಿದ್ದರೆ ಇನ್ನೊಮ್ಮೆ ಕೇಳಬೇಕಾಗುತ್ತಿತ್ತಲ್ಲ.

ಸಾಹೇಬರೆಂಬುದು ಜನ ಕೊಟ್ಟ ಹೆಸರು. ಅವರಿದ್ದದ್ದು ಒಂದು ದೊಡ್ಡ ಕಚೇರಿಯ ಆವಕ-ಜಾವಕ ಗುಮಾಸ್ತರಾಗಿ. ಬಂದ ಕಾಗದಕ್ಕೆ ನಂಬರು ಹಾಕಿ ಎಡಗಡೆಯ ಟ್ರೇಗೆ ಇಡುವುದು, ಹೋಗುವ ಕಾಗದಕ್ಕೆ ನಂಬರು ಹಾಕಿ, ‘ರವಾನೆಯಾಯಿತು’ ಎಂಬ ಮೊಹರು ಒತ್ತಿ ಬಲಗಡೆಯ ಟ್ರೇಗೆ ಇಡುವುದು. ಬಲಗಡೆಯ ಟ್ರೇಯಿಂದ ಅದನ್ನು ಆಮೇಲೆ ಯಾರು ಎತ್ತಿಕೊಂಡು ಹೋದರು, ಯಾವ ಚೀಲಕ್ಕೆ ತುಂಬಿದರು ಎಂಬುದೆಲ್ಲ ಅವರ ತಲೆನೋವಲ್ಲ. ಟ್ರೇಗೆ ಬಿತ್ತೋ, ಕಾಗದ ಹೋದ ಹಾಗೆ. ಬರುವುದಕ್ಕೂ ಹೋಗುವುದಕ್ಕೂ ಅಲ್ಲಿ ಒಂದೇ ಕಿಟಕಿ, ಒಂದೇ ಕುರ್ಚಿ, ಆ ಕುರ್ಚಿಯಲ್ಲಿ ಇವರು. ಪ್ರಪಂಚದ ಟಪಾಲೆಲ್ಲ ಹೀಗೇ ನಡೆಯುತ್ತದೆ ಎಂದು ಅವರು ತಿಳಿದಿದ್ದರೆ ಅದರಲ್ಲಿ ಅವರ ತಪ್ಪೇನಿದೆ ಹೇಳಿ.

ನಿವೃತ್ತಿಯ ದಿನ ಜೊತೆಯವರೆಲ್ಲ ಸೇರಿ ಅವರಿಗೊಂದು ಕಂಪ್ಯೂಟರ್ ಕೊಟ್ಟು ಕಳಿಸಿದರು. ಕಚೇರಿಗೆ ಹೊಸ ಕಂಪ್ಯೂಟರ್ ಬಂದು ಹಳೆಯದು ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು, ಅದೇ ಇದು. ಸಾಹೇಬರು ಅದನ್ನು ಆ ದೃಷ್ಟಿಯಿಂದ ನೋಡಲಿಲ್ಲ. ಇಷ್ಟು ವರ್ಷ ಕಾಗದ ಕಳಿಸಿದವನಿಗೆ ಕಾಗದ ಕಳಿಸುವ ಯಂತ್ರವನ್ನೇ ಕೊಟ್ಟಿದ್ದಾರೆ ನೋಡು ಎಂದು ಹೆಂಡತಿಗೆ ಹೇಳಿ, ಕಿಟಕಿಯ ಪಕ್ಕ ಮೇಜು ಹಾಕಿಸಿ, ಅದರ ಮೇಲೆ ಕೂರಿಸಿದರು. ಪಕ್ಕದಲ್ಲೇ ಒಂದು ಉದ್ದನೆಯ ನೋಟ್‌ಬುಕ್ಕು ಇಟ್ಟು ನಡುವೆ ಗೆರೆ ಎಳೆದರು. ಎಡಕ್ಕೆ ಆವಕ, ಬಲಕ್ಕೆ ಜಾವಕ. ಹಳೆಯ ಮೊಹರನ್ನೂ ಮನೆಗೆ ತಂದಿದ್ದರು.

ಇ-ಮೇಲ್ ಜೋಡಿಸಿಕೊಡುತ್ತೇನೆಂದು ಕಂಪ್ಯೂಟರ್ ಅಂಗಡಿಯವನು ಹೇಳಿದಾಗ ಸಾಹೇಬರು, ಮೀನಿಗೇ ಈಜು ಕಲಿಸ್ತೀಯೇನಪ್ಪ ಎಂದು ನಕ್ಕು ಸಾಗಹಾಕಿದರು. ಇಂಟರ್‌ನೆಟ್ ಕಂಪನಿಯವರು ಕೊಟ್ಟ ಒಂದು ಹಾಳೆಯನ್ನು ನೋಡಿಕೊಂಡು ತಾವೇ ತುಂಬತೊಡಗಿದರು. ಬರುವ ಟಪಾಲಿಗೆ ಯಾವ ಸರ್ವರ್ ಎಂದು ಯಂತ್ರ ಕೇಳಿತು. ಹಾಳೆಯ ಮೊದಲ ಪುಟದಲ್ಲಿತ್ತು, ಬರೆದರು. ಹೋಗುವ ಟಪಾಲಿಗೆ ಯಾವ ಸರ್ವರ್ ಎಂದು ಮತ್ತೆ ಕೇಳಿತು. ಹಾಳೆಯ ಎರಡನೇ ಪುಟದಲ್ಲಿ ಬೇರೆಯದೇ ವಿಳಾಸವಿತ್ತು. ಸಾಹೇಬರಿಗೆ ಸಿಟ್ಟು ಬಂತು. ಒಂದು ಮನೆಯ ಟಪಾಲಿಗೆ ಎರಡು ಕಚೇರಿಯೇ? ಅಚ್ಚಿನ ತಪ್ಪೆಂದು ಕೆಂಪು ಶಾಯಿಯಲ್ಲಿ ಅದನ್ನು ಹೊಡೆದುಹಾಕಿ, ಮೊದಲ ವಿಳಾಸವನ್ನೇ ಎರಡೂ ಕಡೆ ತುಂಬಿದರು.

ಒಂದು ಗಂಟೆಯೊಳಗೆ ಏಳು ಮೇಲ್ ಬಂದವು. ಮೂರು ಹಾಸಿಗೆ ಮಾರುವವರದು, ನಾಲ್ಕು ಕೂದಲು ಬೆಳೆಸುವವರದು. ಸಾಹೇಬರ ತಲೆ ಹತ್ತು ವರ್ಷದ ಹಿಂದೆಯೇ ಬೋಳಾಗಿತ್ತು. ಆದರೂ ಏಳಕ್ಕೂ ನಂಬರು ಹಾಕಿ ಆವಕದಲ್ಲಿ ಬರೆದರು. ಟಪಾಲು ಬರುತ್ತಿದೆ ಎಂದ ಮೇಲೆ ಹೋಗುವುದಕ್ಕೇನು ಧಾಡಿ?

ಧಾಡಿಯೇನೋ ಇತ್ತು. ಮೊದಲ ಕಾಗದ ಬರೆದು ಕಳಿಸು ಎಂದು ಒತ್ತಿದಾಗ ಪರದೆಯ ಮೇಲೆ ಕೆಂಪು ಚೌಕವೊಂದು ಬಂದು ಇಂಗ್ಲಿಷಿನಲ್ಲಿ ಏನೋ ಉದ್ದಕ್ಕೆ ಹೇಳಿತು. ಜವಾನ ಗೊಣಗಿದರೆ ಅದಕ್ಕೆಲ್ಲ ಉತ್ತರ ಕೊಡುತ್ತಾ ಕೂರಬಾರದೆಂಬುದು ಸಾಹೇಬರ ಮೂವತ್ತೊಂದು ವರ್ಷದ ಅನುಭವ. ಚೌಕವನ್ನು ಮುಚ್ಚಿದರು. ಕಾಗದ ಇದ್ದಲ್ಲೇ ಇತ್ತು. ಕಣ್ಣಾಡಿಸಿದರೆ ಎಡಗಡೆ ‘ಸೆಂಟ್’ ಎಂಬ ಪೆಟ್ಟಿಗೆ ಕಾಣಿಸಿತು. ಸೆಂಟ್ ಅಂದರೆ ಕಳಿಸಿದ್ದು, ಅಂದರೆ ಬಲಗಡೆಯ ಟ್ರೇ. ಮೌಸಿನಲ್ಲಿ ಕಾಗದವನ್ನು ಹಿಡಿದು ಎಳೆದು ತಂದು ಅದರೊಳಗೆ ಹಾಕಿದರು. ಕಾಗದ ತಾರೀಖು, ಗಂಟೆ, ನಿಮಿಷದ ಸಮೇತ ಅಲ್ಲಿ ಗಂಭೀರವಾಗಿ ಕೂತಿತು. ಕೆಂಪು ಚೌಕ ಬಾಯಿ ಬಿಡಲಿಲ್ಲ. ಸಾಹೇಬರು ಜಾವಕದಲ್ಲಿ ನಂಬರು ಒಂದು ಎಂದು ಬರೆದು ಮೊಹರು ಒತ್ತಿದರು.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಎರಡನೇ ಮಹಡಿಯ ಹೆಡ್‌ಮಾಸ್ತರಿಗೆ ಮೊಬೈಲಿನ ಚಿಟಿಕೆ ಅಕ್ಷರ ಕಾಣುತ್ತಿರಲಿಲ್ಲ. ಕೆಟ್ಟು ನಿಂತ ಲಿಫ್ಟಿನ ಬಗ್ಗೆ ಲಿಫ್ಟ್ ಕಂಪನಿಗೆ ಅವರು ಒಂದು ಕಾಗದ ಬರೆದು ತಂದರು. ಕೆಳಗಿನ ಮನೆಯ ಟೈಲರಮ್ಮನಿಗೆ ಹೊಲಿಗೆ ಬಿಟ್ಟು ಕೈ ಎತ್ತಲು ಪುರುಸೊತ್ತಿಲ್ಲ. ಶಾಲೆಯ ಸಮವಸ್ತ್ರಕ್ಕೆ ನೀಲಿ ಗುಂಡಿ ಒಂದು ಡಬ್ಬ ಬೇಕೆಂದು ಗುಂಡಿ ಕಂಪನಿಗೆ ಬರೆಯಲು ಹೇಳಿದಳು. ಸಾಹೇಬರು ಎಲ್ಲರಿಗೂ, ಕೊಟ್ಟುಬಿಡಿ, ಇನ್ನು ನಿಮ್ಮ ಚಿಂತೆ ನನಗಿರಲಿ ಎಂದರು. ಎಳೆದು ಹಾಕಿದರು. ಮೊಹರು ಒತ್ತಿದರು.

ತಿಂಗಳಾದರೂ ಲಿಫ್ಟ್ ಅಲ್ಲಾಡಲಿಲ್ಲ. ಹೆಡ್‌ಮಾಸ್ತರು ಎರಡನೇ ಕಾಗದ ಬರೆದರು. ಮೊದಲನೆಯದರಲ್ಲಿ ‘ದಯವಿಟ್ಟು’ ಇತ್ತು, ಎರಡನೆಯದರಲ್ಲಿ ಇರಲಿಲ್ಲ. ಐದನೆಯದರ ಹೊತ್ತಿಗೆ ‘ನಿಮ್ಮಂಥವರು’ ಎಂಬ ಪದ ಬಂತು. ಒಂಬತ್ತನೆಯದರಲ್ಲಿ ನ್ಯಾಯಾಲಯ ಬಂತು. ಟೈಲರಮ್ಮನ ಗುಂಡಿಯದೂ ಅದೇ ಪಾಡು. ಒಂದು ಡಬ್ಬ ಬೇಕೆಂದು ಆರು ಸಲ ಬರೆಸಿದ್ದಳು. ನಲವತ್ತು ಅಂಗಿಗಳು ಗುಂಡಿಯಿಲ್ಲದೆ ಎದೆ ಬಿಚ್ಚಿಕೊಂಡು ಅವಳ ಮನೆಯ ಹಗ್ಗದ ಮೇಲೆ ನೇತಾಡುತ್ತಿದ್ದವು. ಈಗಿನ ಕಂಪನಿಗಳೇ ಹೀಗೆ, ಕಾಗದಕ್ಕೆ ಮರ್ಯಾದೆ ಕೊಡುವ ಕಾಲ ಹೋಯಿತು ಎಂದು ಸಾಹೇಬರು ನಿಟ್ಟುಸಿರು ಬಿಟ್ಟು, ನೆನಪೋಲೆ ಕಳಿಸುವುದಕ್ಕೆ ಮತ್ತೆ ಹುರಿದುಂಬಿಸುತ್ತಿದ್ದರು.

ಇಷ್ಟೇ ಆಗಿದ್ದರೆ ಕಥೆ ಗುಂಡಿಯಲ್ಲೇ ಮುಗಿಯುತ್ತಿತ್ತು. ಅಷ್ಟರಲ್ಲಿ ಸಾಹೇಬರ ಹೆಂಡತಿಯ ಚಿಕ್ಕಮ್ಮ ಬಂದರು. ಈ ಚಿಕ್ಕಮ್ಮ ಯಾರ ಮನೆಗೆ ಹೋದರೂ ಬರಿಗೈಯಲ್ಲಿ ಹೋಗುವವರಲ್ಲ, ಇನ್ನೊಂದು ಮನೆಯ ಮಾತು ತಂದೇ ತರುತ್ತಾರೆ. ಈ ಸಲ ತಂದದ್ದು ಸಾಹೇಬರ ನಾದಿನಿಯ ಮಾತು, ಅಂದರೆ ಹೆಂಡತಿಯ ಒಬ್ಬಳೇ ತಂಗಿಯದು. “ಅಕ್ಕನ ಮನೆಗೆ ಹೋದರೆ ಕೂರೋಕೆ ಕುರ್ಚಿ ಸಿಗುತ್ತೆ, ತಿನ್ನೋಕೆ ಊಟ ಸಿಗಲ್ಲ” ಎಂದು ತಂಗಿ ಆಡಿಕೊಂಡಳಂತೆ.

ಊಟ ಬಡಿಸಿ ಬಡಿಸಿಯೇ ಮೊಣಕೈ ಸವೆಸಿಕೊಂಡ ಹೆಂಗಸು ಸಾಹೇಬರ ಹೆಂಡತಿ. ಕೇಳಿ ಮೈಯೆಲ್ಲ ಉರಿದುಹೋಯಿತು. ಫೋನ್ ಮಾಡಿ ಕೇಳಿಬಿಡು ಎಂದರು ಸಾಹೇಬರು.

“ಫೋನಲ್ಲಾದ್ರೆ ಅವಳೇ ಮೊದಲು ಅತ್ತುಬಿಡ್ತಾಳೆ. ನನ್ನ ಸರದಿ ಬರೋದೇ ಇಲ್ಲ. ನೀವು ಬರ್ಕೊಳ್ಳಿ,” ಎಂದರು ಹೆಂಡತಿ.

ಸಾಹೇಬರು ಬರೆದುಕೊಂಡರು. ಚಿಕ್ಕಂದಿನಲ್ಲಿ ತಂಗಿ ಮುರಿದ ಕೊಡೆಯಿಂದ ಶುರುವಾದ ಕಾಗದ ಒಂದೂವರೆ ಗಂಟೆ ನಡೆದು, ‘ಇವತ್ತಿನಿಂದ ನಿನಗೆ ಅಕ್ಕ ಇಲ್ಲ ಅಂತ ತಿಳ್ಕೋ’ ಎಂಬಲ್ಲಿ ನಿಂತಿತು. ಕಳಿಸಲೇ ಎಂದು ಕೇಳಿದರು. ಕಳಿಸಿ ಎಂದರು ಆಕೆ. ಜಾವಕ ನಂಬರು ಇಪ್ಪತ್ತಮೂರು. ಮೊಹರು ಬಿತ್ತು.

ಮರುದಿನವೇ ಚಿಕ್ಕಮ್ಮನ ಸೊಸೆ ಫೋನ್ ಮಾಡಿ ಏನೇನೋ ಮಾತಾಡುತ್ತಾ ನಿಜ ಸಂಗತಿ ಹೇಳಿದಳು. ತಂಗಿ ಆ ಮಾತು ಆಡಿದ್ದು ಹೌದು, ಆದರೆ ಅಕ್ಕನ ಮನೆಯ ಬಗ್ಗೆಯಲ್ಲ, ಚಿಕ್ಕಮ್ಮನ ಮನೆಯ ಬಗ್ಗೆಯೇ. ಅವಮಾನವನ್ನು ತಾವು ಇಟ್ಟುಕೊಳ್ಳಲಾರದೆ ಚಿಕ್ಕಮ್ಮ ಅದನ್ನು ಇವರ ಮನೆಗೆ ದಾಟಿಸಿ ಹೋಗಿದ್ದರು.

ಹೆಂಡತಿ ಅಡುಗೆಮನೆಯ ಸ್ಟೂಲಿನ ಮೇಲೆ ಕುಸಿದು ಕೂತರು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ? ಆ ಕಾಗದ ವಾಪಸ್ ತರಿಸಲು ಆಗುತ್ತದೆಯೇ ಎಂದು ಗಂಡನನ್ನು ಮೆಲ್ಲಗೆ ಕೇಳಿದರು. ಸಾಹೇಬರು ಎದೆ ಸೆಟೆಸಿ, ನನ್ನ ಟ್ರೇಗೆ ಬಿದ್ದ ಕಾಗದ ಹಿಂದಕ್ಕೆ ಬಂದ ಚರಿತ್ರೆಯೇ ಇಲ್ಲ ಎಂದರು. ಆಕೆ ಕಣ್ಣು ಒರೆಸಿಕೊಂಡು ಇನ್ನೊಂದು ಕಾಗದ ಬರೆಸಿದರು. ತಪ್ಪಾಯಿತು, ಮರೆತುಬಿಡು, ಕೊಡೆ ಮುರಿದವಳು ನೀನಲ್ಲ ನಾನೇ, ಎಂದು. ಜಾವಕ ಇಪ್ಪತ್ತನಾಲ್ಕು.

ಉತ್ತರ ಬರಲಿಲ್ಲ. ಬೆಳಗಾದರೆ ಆಕೆ ಕಂಪ್ಯೂಟರ್ ಹತ್ತಿರ ಬಂದು “ಬಂತಾ?” ಎನ್ನುವರು. ಸಾಹೇಬರು ತೆಗೆದು ನೋಡಿ ಹಾಸಿಗೆಯವರದು ಬಂದಿದೆ ಎನ್ನುವರು. ಭಾನುವಾರ ಭಾನುವಾರ ಅಕ್ಕನೇ ತಂಗಿಗೆ ಫೋನ್ ಮಾಡುವುದು ಆ ಮನೆಯ ರೂಢಿ. ಮೂರು ಭಾನುವಾರ ಆಕೆ ಫೋನ್ ಕೈಗೆತ್ತಿಕೊಂಡು, ಯಾವ ಮುಖ ಇಟ್ಟುಕೊಂಡು ಮಾತಾಡಲಿ ಎಂದು ಮತ್ತೆ ಇಟ್ಟುಬಿಟ್ಟರು. ಮೂವತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ ಅಡುಗೆಗೆ ಉಪ್ಪು ಮರೆತರು. ಸಾಹೇಬರು ಅದನ್ನು ತುಟಿ ಪಿಟಕ್ಕೆನ್ನದೆ ಉಂಡರು. ಹೆಂಡತಿಯ ಸಪ್ಪೆ ಮುಖದ ಮುಂದೆ ಸಪ್ಪೆ ಸಾರು ಯಾವ ಲೆಕ್ಕ? ಪಾಪ, ಅವರಿಗೂ ಸಂಕಟವಾಗುತ್ತಿತ್ತು. ಕಾಗದ ತಲುಪಿರಲಾರದೆಂಬ ಯೋಚನೆ ಮಾತ್ರ ಆ ತಲೆಗೆ ಹೊಳೆಯಲಿಲ್ಲ.

ಮೂರನೇ ವಾರದ ಕೊನೆಗೆ ತಂಗಿಯ ಮೇಲ್ ಬಂತು. ಒಂದೇ ಸಾಲು. ‘ಭಾನುವಾರ ಬೆಳಿಗ್ಗೆ ಬರುತ್ತಿದ್ದೇನೆ, ಎದುರಿಗೇ ಕೂತು ಮಾತಾಡಬೇಕು.’

ಸಾಹೇಬರ ಹೆಂಡತಿಗೆ ಜೀವ ಬಾಯಿಗೆ ಬಂತು. ಕಟ್ಟಡದವರಿಗೆಲ್ಲ ಸುದ್ದಿ ಮುಟ್ಟಿತು. ಹೆಡ್‌ಮಾಸ್ತರು ತಾವೇ ಬಂದು ಸಂಧಾನ ಮಾಡಿಸುವುದಾಗಿ ಹೇಳಿದರು. ಅವರ ಸಂಧಾನ ಲಿಫ್ಟ್ ಕಂಪನಿಯ ಹತ್ತಿರ ಎಷ್ಟು ಫಲಿಸಿದೆಯೆಂದು ಎಲ್ಲರಿಗೂ ಗೊತ್ತಿತ್ತು. ಟೈಲರಮ್ಮ, ಅಕ್ಕತಂಗಿಯರು ಜಗಳಕ್ಕೆ ನಿಂತಾಗ ಮೊದಲು ಅಳುವವರೇ ಗೆಲ್ಲುವುದು, ಈ ಸಲ ನೀವೇ ಮುಂದಾಗಿ ಎಂದು ಬುದ್ಧಿ ಹೇಳಿಹೋದಳು. ಹೋಗುವಾಗ ಗುಂಡಿಯ ಮಾತೂ ಎತ್ತಿ, ಸಾಹೇಬರೇ, ಕಾಗದ ಸರಿಯಾಗಿ ಹೋಗ್ತಿದೆ ತಾನೆ ಎಂದು ರಾಗ ಎಳೆದಳು. ಸಾಹೇಬರಿಗೆ ಅದು ನಾಟಿತು. ಕುಣಿಯಲಾರದವರಿಗೆ ನೆಲ ಡೊಂಕು ಎನ್ನುತ್ತಾರಲ್ಲ, ಹಾಗೆ ಲೈನೇ ಸರಿಯಿಲ್ಲವೆಂದು ತೀರ್ಮಾನಿಸಿ ಇಂಟರ್‌ನೆಟ್ ಕಂಪನಿಗೆ ಫೋನಿನಲ್ಲಿ ದೂರು ಕೊಟ್ಟರು. ಅವರೂ ಭಾನುವಾರ ಬೆಳಿಗ್ಗೆಯೇ ಬರುತ್ತೇವೆ ಎಂದರು.

ಭಾನುವಾರ ಹೆಂಡತಿ ಬೆಳಗಾಗುತ್ತಲೇ ಒಲೆ ಹಚ್ಚಿದರು. ಬರುವವಳು ಒಬ್ಬಳು, ಮಾಡಿದ್ದು ಹತ್ತು ಜನಕ್ಕೆ. ಒಂಬತ್ತೂವರೆಗೆ ಇಂಟರ್‌ನೆಟ್ ಕಂಪನಿಯ ಕಡೆಯಿಂದ, ಎಲ್ಲರೂ ಕೇಬಲ್ ಅಕ್ಕ ಎನ್ನುವವಳು ಬಂದಳು. ಹೆಗಲಿಗೆ ತಂತಿಯ ಸುರುಳಿ, ಸೊಂಟಕ್ಕೆ ಇಕ್ಕಳ, ನಲವತ್ತೈದು ದಾಟಿದ ಗಟ್ಟಿ ಹೆಂಗಸು. ಲೈನು ಪರೀಕ್ಷಿಸಿ, ಲೈನು ಬಂಗಾರದ ಹಾಗಿದೆ ಎಂದಳು. ಆಮೇಲೆ ಕಂಪ್ಯೂಟರಿನ ಮುಂದೆ ಕೂತು ಎರಡು ನಿಮಿಷ ಅದನ್ನು ನೋಡಿದಳು. ಪಕ್ಕದಲ್ಲಿದ್ದ ಹಾಳೆಯ ಎರಡನೇ ಪುಟ ತಿರುಗಿಸಿ ಕೆಂಪು ಶಾಯಿಯನ್ನು ನೋಡಿದಳು. ಕೊನೆಗೆ ಸಾಹೇಬರ ಮುಖ ನೋಡಿದಳು.

“ಸಾರ್, ಎರಡೂ ಕಡೆ ನೀವು ಐಮ್ಯಾಪ್ ಸರ್ವರೇ ಹಾಕಿದ್ದೀರ. ಅದು ಬಂದಿರೋ ಟಪಾಲು ತೋರಿಸುತ್ತೆ, ಜೋಡಿಸಿ ಇಟ್ಕೊಳ್ಳುತ್ತೆ, ಅಷ್ಟೇ. ಹೊರಗೆ ಕಳಿಸೋದು ಅದರ ಕೆಲಸ ಅಲ್ಲ. ಅದಕ್ಕೆ ಎಸ್‌ಎಂಟಿಪಿ ಅಂತ ಬೇರೇನೇ ಇದೆ. ನೀವು ಹೊಡೆದು ಹಾಕಿರೋದು ಅದನ್ನೇ.”

ಹಾಗಿದ್ದರೆ ಸೆಂಟ್ ಪೆಟ್ಟಿಗೆಯಲ್ಲಿ ನಲವತ್ತಾರು ಕಾಗದ ಕೂತಿವೆಯಲ್ಲ, ಅವೇನು ಎಂದು ಸಾಹೇಬರು ವಾದಿಸಿದರು.

“ನೀವು ಎಳೆದು ಹಾಕಿದ್ರಿ, ಅದು ಇಟ್ಕೊಂಡಿದೆ. ಮನೆ ಬೀರೂ ಮೇಲೆ ‘ಊರಿಗೆ ಹೋಗಿದೆ’ ಅಂತ ಚೀಟಿ ಅಂಟಿಸಿದ್ರೆ ಒಳಗಿರೋ ಸೀರೆ ಊರಿಗೆ ಹೋಗಿಬಿಡುತ್ತಾ ಸಾರ್?”

ಸಾಹೇಬರು ಜಾವಕದ ಪುಟ ತಿರುಗಿಸಿ ನೋಡಿದರು. ನಲವತ್ತಾರಕ್ಕೆ ನಲವತ್ತಾರೂ ತಪ್ಪಿವೆ. ಮೂವತ್ತೊಂದು ವರ್ಷದ ಮಾನ ಕುತ್ತಿಗೆಗೆ ಬಂದು ನಿಂತಿತು. ಬಾಗಿಲ ಕಡೆ ನೋಡಿದರು, ಯಾರೂ ಇರಲಿಲ್ಲ. ಹೆಂಡತಿ ಒಲೆಯ ಮುಂದೆ. ತಗ್ಗಿದ ದನಿಯಲ್ಲಿ, ಎಲ್ಲವನ್ನೂ ಈಗ ಕಳಿಸಿದರೆ ಹಳೆಯ ತಾರೀಖು ಉಳಿಯುತ್ತದೆಯೇ ಎಂದು ಕೇಳಿದರು. ಒಳಗೆ ಹಳೇ ತಾರೀಖೇ ಇರುತ್ತದೆ, ಸರದಿಯಲ್ಲಿ ಒಂದೊಂದಾಗಿ ಹೋಗುತ್ತವೆ ಎಂದಳು ಅವಳು. ಸಾಹೇಬರಿಗೆ ಹೋದ ಜೀವ ಬಂತು. ತಡವಾದದ್ದಕ್ಕೆ ಲೈನನ್ನು ಬೈದರಾಯಿತು, ಲೈನಿಗೆ ಬಾಯಿಲ್ಲ. ಕಳಿಸಿಬಿಡಮ್ಮ ಎಂದರು. ಅವಳು ವಿಳಾಸ ಸರಿಮಾಡಿ, ಎಲ್ಲವನ್ನೂ ಕಳಿಸುವ ಪೆಟ್ಟಿಗೆಗೆ ತುಂಬಿ, ಗುಂಡಿ ಒತ್ತಿದಳು.

ಅದೇ ಹೊತ್ತಿಗೆ ಹೊರಗೆ ಏದುಸಿರು ಕೇಳಿಸಿತು. ಲಿಫ್ಟಿಲ್ಲದೆ ನಾಲ್ಕು ಮಹಡಿ ಹತ್ತಿದ ತಂಗಿ ಬಾಗಿಲಲ್ಲಿ ನಿಂತಿದ್ದಳು. ಹಿಂದೆಯೇ ಸಂಧಾನಕ್ಕೆ ಹೆಡ್‌ಮಾಸ್ತರು, ಅವರ ಹಿಂದೆ, ಏನಾಗುತ್ತದೋ ನೋಡೋಣವೆಂದು ಅಳತೆ ಟೇಪು ಕುತ್ತಿಗೆಗೆ ಹಾಕಿಕೊಂಡೇ ಬಂದ ಟೈಲರಮ್ಮ. ತಂಗಿ ಕುರ್ಚಿಯಲ್ಲಿ ಕೂರುವುದೇ ತಡ, ಅಕ್ಕ ಅಡುಗೆಮನೆಯಿಂದ ಓಡಿಬಂದು ಅವಳ ಕೈ ಹಿಡಿದರು. ಚಿಕ್ಕಮ್ಮನ ಮಾತು, ಕುರ್ಚಿ, ಊಟ, ಕೊಡೆ ಎಲ್ಲವೂ ಒಂದೇ ಉಸಿರಿನಲ್ಲಿ ಹೊರಬಿದ್ದವು. ಆ ಮೊದಲನೇ ಕಾಗದ ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಕಣ್ಣೀರು ಹಾಕಿದರು. ಟೈಲರಮ್ಮ ತಲೆದೂಗಿದಳು, ತನ್ನ ಬುದ್ಧಿಮಾತು ವ್ಯರ್ಥವಾಗಿರಲಿಲ್ಲ.

“ಯಾವ ಕಾಗದ ಅಕ್ಕ?” ಎಂದಳು ತಂಗಿ. “ಮೂರು ಭಾನುವಾರ ನೀನು ಫೋನ್ ಮಾಡ್ಲಿಲ್ಲ. ಏನು ಕೋಪಾನೋ, ಹುಷಾರಿಲ್ವೋ ಅಂತ ನಿದ್ದೆಗೆಟ್ಟು ಬಂದೆ. ನನಗ್ಯಾವ ಕಾಗದವೂ ಬಂದಿಲ್ಲ.”

ಇಲ್ಲಿಗೆ ಎಲ್ಲ ಸುಖವಾಗಿ ಮುಗಿಯಬೇಕಿತ್ತು. ಆದರೆ ಸಾಹೇಬರ ಹೆಂಡತಿ ಮೂವತ್ತು ವರ್ಷ ಸಾಹೇಬರ ಜೊತೆ ಬಾಳಿದವರು.

“ಬಂದಿಲ್ಲ ಅಂದ್ರೆ ಹೇಗೆ ಕಣೇ? ಕಳಿಸಿದ್ದು ನಿಮ್ಮ ಭಾವ. ಅವರ ಕೈಯಿಂದ ಒಂದು ಕಾಗದ ತಪ್ಪಿದ್ದೇ ಇಲ್ಲ. ಓದಿ, ಉತ್ತರ ಕೊಡದೆ, ಈಗ ನನ್ನ ಮುಂದೆ ನಾಟಕ ಆಡ್ತೀಯಾ?”

ತಂಗಿಯ ಮುಖ ಕೆಂಪಾಯಿತು. ನಾನು ಸುಳ್ಳಿಯೇ ಎಂದಳು. ನಿಮ್ಮ ಭಾವ ಸುಳ್ಳರೇ ಎಂದರು ಅಕ್ಕ. ಹೆಡ್‌ಮಾಸ್ತರು ಸಂಧಾನಕ್ಕೆಂದು ಬಾಯಿ ತೆರೆದು, ಸಾಹೇಬರ ಕೈಯಿಂದ ಕಾಗದ ತಪ್ಪಲಾರದು ಎಂಬುದು ಇಡೀ ಕಟ್ಟಡಕ್ಕೆ ಗೊತ್ತಿರುವ ವಿಷಯ ಎಂದುಬಿಟ್ಟರು. ತಂಗಿ ಚೀಲ ಎತ್ತಿಕೊಂಡು ಎದ್ದಳು. ಹತ್ತು ಜನರ ಅಡುಗೆ ಹಿಂದೆ ಒಲೆಯ ಮೇಲೆ ಕುದಿಯುತ್ತಿತ್ತು.

ಕೋಣೆಯ ಬಾಗಿಲಲ್ಲಿ ನಿಂತು ಸಾಹೇಬರು ಇದನ್ನೆಲ್ಲ ನೋಡುತ್ತಿದ್ದರು. ತಾವು ಹೇಳಿ ಹೇಳಿ ಊರಿಗೆಲ್ಲ ನಂಬಿಸಿದ ಮಾತು ಈಗ ಹೆಂಡತಿಯ ತಂಗಿಯನ್ನು ಮನೆಯಿಂದ ಹೊರಗೆ ಹಾಕುತ್ತಿತ್ತು. ಇನ್ನು ನಾಲ್ಕು ಹೆಜ್ಜೆ ಹಾಕಿದರೆ ಅವಳು ಮೆಟ್ಟಿಲ ಮೇಲೆ. ಸಾಹೇಬರು ಕಣ್ಣು ಮುಚ್ಚಿಕೊಂಡರು.

“ಕಾಗದ ಹೋಗಿಲ್ಲ,” ಎಂದರು. “ಅದೊಂದೇ ಅಲ್ಲ. ನಾಲ್ಕು ತಿಂಗಳಿಂದ ಈ ಮನೆಯಿಂದ ಒಂದು ಕಾಗದವೂ ಹೊರಗೆ ಹೋಗಿಲ್ಲ. ತರೋವನ ಕೈಗೇ ಕಳಿಸೋದಕ್ಕೂ ಕೊಟ್ಟಿದ್ದೆ. ಅವನು ಎಲ್ಲಾನೂ ಇಲ್ಲೇ ಜೋಡಿಸಿಟ್ಟಿದ್ದಾನೆ.”

ಹೆಡ್‌ಮಾಸ್ತರು ತಮ್ಮ ಬರೆಯುವ ಬೆರಳನ್ನು ನೋಡಿಕೊಂಡರು. ಟೈಲರಮ್ಮ ನಲವತ್ತು ಅಂಗಿ, ನಲವತ್ತು ಅಂಗಿ ಎಂದು ಎರಡು ಸಲ ಹೇಳಿದಳು. ಸಾಹೇಬರು ತಲೆ ತಗ್ಗಿಸಿ ನಿಂತರು. ಹೆಂಡತಿ ಅವರನ್ನೇ ದಿಟ್ಟಿಸಿದರು. ನಿಧಾನವಾಗಿ ಆಕೆಯ ಮುಖ ಅರಳಿತು.

“ಹೋಗೇ ಇಲ್ವಾ?” ಎಂದರು. “ಮೂವತ್ತು ವರ್ಷದಲ್ಲಿ ಇದೊಂದು ಒಳ್ಳೇ ಕೆಲಸ ಮಾಡಿದ್ರಿ ಕಣ್ರೀ.”

ತಂಗಿ ಚೀಲ ಕೆಳಗಿಟ್ಟಳು. ಅಷ್ಟರಲ್ಲಿ ಒಳಗಿನಿಂದ ಕೇಬಲ್ ಅಕ್ಕನ ಉತ್ಸಾಹದ ದನಿ ಬಂತು, “ಸಾರ್, ಈಗ ನೋಡಿ, ಚೆನ್ನಾಗಿ ಹೋಗ್ತಿವೆ. ಇಪ್ಪತ್ತೊಂದು ಹೋಯ್ತು.”

ಸಾಹೇಬರು ಓಡಿದರು. ಕಚೇರಿಗೆ ತಡವಾದಾಗಲೂ ಓಡದಿದ್ದ ಮನುಷ್ಯ ಕುರ್ಚಿಗೆ ಎಡವಿ, ತಂತಿಯ ಸುರುಳಿಗೆ ಕಾಲು ಸಿಕ್ಕಿ, ಮೇಜಿನ ಕೆಳಗೆ ಮೊಣಕಾಲೂರಿ, ಇದ್ದ ಪ್ಲಗ್ಗುಗಳನ್ನೆಲ್ಲ ಎರಡೂ ಕೈಯಿಂದ ಕಿತ್ತರು. ಪರದೆ ಕಪ್ಪಾಯಿತು. ಪಕ್ಕದ ಫ್ಯಾನೂ ನಿಂತಿತು. ಎಷ್ಟು ಹೋಯಿತು ಎಂದು ಮೇಜಿನ ಕೆಳಗಿನಿಂದಲೇ ಕೇಳಿದರು. ಇಪ್ಪತ್ತೆರಡು ನೋಡಿದೆ, ಇಪ್ಪತ್ತಮೂರು ಶುರುವಾಗಿತ್ತೋ ಏನೋ ಎಂದಳು ಕೇಬಲ್ ಅಕ್ಕ.

ಎಲ್ಲರೂ ತಂಗಿಯ ಚೀಲವನ್ನೇ ನೋಡುತ್ತಾ ನಿಂತರು. ಒಳಗಿದ್ದ ಫೋನು ಟಣ್ಣೆಂದಿತು. ಸಾಹೇಬರ ಹೆಂಡತಿ ಗೋಡೆ ಹಿಡಿದುಕೊಂಡರು. ತಂಗಿ ಫೋನು ತೆಗೆದು ಓದಿದಳು. ತಲುಪಿದೆಯಾ ಎಂದು ಅವಳ ಗಂಡ ಕೇಳಿದ್ದರು, ಅಷ್ಟೇ. ಇನ್ನೂ ಹತ್ತು ನಿಮಿಷ ಕಾದರು. ಬೇರೇನೂ ಬರಲಿಲ್ಲ.

“ಅಕ್ಕ, ಕುರ್ಚಿ ಸಿಕ್ತು. ಊಟ?” ಎಂದಳು ತಂಗಿ.

ಅವತ್ತು ಆ ಮನೆಯಲ್ಲಿ ಹೆಡ್‌ಮಾಸ್ತರು, ಟೈಲರಮ್ಮ, ಕೇಬಲ್ ಅಕ್ಕ ಎಲ್ಲರೂ ಉಂಡರು. ಉಪ್ಪು ಹದವಾಗಿತ್ತು.

ಸೋಮವಾರ ಲಿಫ್ಟ್ ಕಂಪನಿಗೆ ‘ದಯವಿಟ್ಟು’ವಿನಿಂದ ನ್ಯಾಯಾಲಯದವರೆಗಿನ ಒಂಬತ್ತು ಕಾಗದ ಒಟ್ಟಿಗೇ ಸಿಕ್ಕಿದ್ದವು. ಹೆದರಿ ಮೂವರು ಮೆಕ್ಯಾನಿಕ್ಕುಗಳನ್ನು ಕಳಿಸಿದರು, ಸಂಜೆಗೆ ಲಿಫ್ಟ್ ಓಡಿತು. ಟೈಲರಮ್ಮನಿಗೆ ಗುಂಡಿಯ ಡಬ್ಬ ಆರು ಬಂದವು. ನೀಲಿ ಗುಂಡಿ ಈಗ ಆ ಕಟ್ಟಡದಲ್ಲಿ ದಿಂಬಿಗೂ ಇದೆ, ಕಿಟಕಿಯ ಪರದೆಗೂ ಇದೆ. ಸಾಹೇಬರು ಇಪ್ಪತ್ತಮೂರನೇ ಕಾಗದವನ್ನು ಕಳಿಸುವ ಪೆಟ್ಟಿಗೆಯಿಂದ ತೆಗೆಸಿ, ಪುಸ್ತಕದಲ್ಲಿ ಅದರ ನಂಬರಿನ ಮುಂದಿದ್ದ ಮೊಹರನ್ನು ಹೊಡೆದುಹಾಕಿ, ‘ರವಾನೆಯಾಗಿಲ್ಲ’ ಎಂದು ಕೈಯಾರೆ ಬರೆದರು. ಮೂವತ್ತೊಂದು ವರ್ಷದ ಮಾತನ್ನು ಆಮೇಲೆ ಅವರು ಎಲ್ಲೂ ಎತ್ತಲಿಲ್ಲ. ಇಂಟರ್‌ನೆಟ್ಟಿನಲ್ಲಿ ತರುವವನೇ ಬೇರೆ ಕಳಿಸುವವನೇ ಬೇರೆ, ಇದು ಬಹಳ ಜನಕ್ಕೆ ಗೊತ್ತಿಲ್ಲ ಎಂದು ಮಾತ್ರ ದಿನಕ್ಕೆರಡು ಸಲ ಹೇಳತೊಡಗಿದರು.

ಎರಡು ತಿಂಗಳ ಮೇಲೆ ಚಿಕ್ಕಮ್ಮ ಮತ್ತೆ ಯಾರ ಮನೆಯಲ್ಲೋ ಏನೋ ಅಂದರಂತೆ. ಸಾಹೇಬರ ಹೆಂಡತಿ ಸೆರಗು ಬಿಗಿದುಕೊಂಡು ಕಂಪ್ಯೂಟರಿನ ಪಕ್ಕ ನಿಂತು, ಬರ್ಕೊಳ್ಳಿ ಎಂದರು. ಸಾಹೇಬರು ಬರೆದುಕೊಂಡರು. ಎರಡು ಪುಟ ಬೆಂಕಿ. ಬರೆಸುವಷ್ಟನ್ನೂ ಬರೆಸಿ ಆಕೆ ಉಸಿರು ಬಿಟ್ಟರು.

“ಯಾವ ಪದ್ಧತೀಲಿ ಕಳಿಸ್ಲಿ?” ಎಂದು ಕೇಳಿದರು ಸಾಹೇಬರು.

“ಹಳೇ ಪದ್ಧತೀಲೇ.”

ಸಾಹೇಬರು ಕಾಗದವನ್ನು ಮೌಸಿನಲ್ಲಿ ಹಿಡಿದು, ನಿಧಾನವಾಗಿ ಎಳೆದು ತಂದು, ಸೆಂಟ್ ಪೆಟ್ಟಿಗೆಯೊಳಗೆ ಹಾಕಿದರು. ಪುಸ್ತಕದಲ್ಲಿ ನಂಬರು ಬರೆದು ಮೊಹರು ಒತ್ತಿದರು.

“ಹೋಯ್ತಾ?”

“ಹೋಯ್ತು.”

ಆಕೆ ಹಗುರಾಗಿ ಒಳಗೆ ಹೋಗಿ, ಚಿಕ್ಕಮ್ಮನಿಗೆ ಫೋನ್ ಮಾಡಿ, ಮಂಡಿನೋವು ಹೇಗಿದೆ ಎಂದು ವಿಚಾರಿಸಿದರು.